ಸ್ಮಾರ್ಟ್ ಮನೆ: ದೀಪ ಹೊತ್ತಿಸುವ ತೀರ್ಮಾನ ಎಲ್ಲಿ ಆಗಬೇಕು?

ಇತ್ತೀಚೆಗೆ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬರದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಇನ್ನೊಬ್ಬರು ಮನೆ ಕಟ್ಟಿಸುತ್ತಿದ್ದಾರೆ, ಗೋಡೆಗೆ ಇನ್ನೂ ಗಾರೆ ಬಿದ್ದಿಲ್ಲ. ಮೂರನೆಯವರ ಅಪ್ಪ ಅಮ್ಮ ಬೇರೆ ಊರಿನಲ್ಲಿ ಇಬ್ಬರೇ ಇದ್ದಾರೆ. ರಾತ್ರಿ ಎದ್ದವರು ಕತ್ತಲಲ್ಲಿ ಎಡವದಿದ್ದರೆ ಸಾಕು ಎಂಬುದಷ್ಟೇ ಅವರ ಆಸೆ. ಮೂವರೂ ಕೇಳಿದ್ದು ಹೀಗೆ: "ಮನೆಗೆ ಸ್ಮಾರ್ಟ್ ಸಾಧನ ಯಾವ ಕಂಪನಿಯದ್ದು ತೆಗೆದುಕೊಳ್ಳಲಿ?"

ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಫೋನಿನಿಂದಲೇ ಹಾಕಿ ಆರಿಸಬಹುದಾದ ನನ್ನ ಮೊದಲ ಸ್ಮಾರ್ಟ್ ಪ್ಲಗ್ಗಿನ ನೆನಪು ಬಿಡಲಿಲ್ಲ. ಅದನ್ನು ಮೇಜಿನ ದೀಪಕ್ಕೆ ಹಾಕಿದ್ದೆ. ದೀಪಕ್ಕೂ ನನ್ನ ಕುರ್ಚಿಗೂ ಮೂರಡಿ ದೂರ. ಒಂದು ಸಂಜೆ ಆ್ಯಪ್‌ನಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ "ಸಾಧನ ಸಂಪರ್ಕದಲ್ಲಿಲ್ಲ" ಎಂದಿತು. ಪ್ಲಗ್ಗಿನ ನೀಲಿ ಚುಕ್ಕೆ ಮಾತ್ರ ಕಣ್ಣೆದುರೇ ಮಿನುಗುತ್ತಿತ್ತು. ಮನೆಯಲ್ಲಿ ವಿದ್ಯುತ್ ಇತ್ತು, ವೈ-ಫೈ ಇತ್ತು. ಹೊರಗಿನಿಂದ ಬರುವ ಇಂಟರ್‌ನೆಟ್ ಒಂದು ಇರಲಿಲ್ಲ. ನನ್ನ ಬೆರಳಿನ ಆಜ್ಞೆ ಫೋನಿನಿಂದ ರೂಟರಿಗೆ, ಅಲ್ಲಿಂದ ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿ ಅಪ್ಪಣೆ ಪಡೆದು, ಬಂದ ದಾರಿಯಲ್ಲೇ ಮರಳಿ ಮೂರಡಿ ಆಚೆಯ ಪ್ಲಗ್ಗನ್ನು ಮುಟ್ಟಬೇಕಿತ್ತಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಎದ್ದು ಹೋಗಿ ಪ್ಲಗ್ಗಿನ ಪಕ್ಕದ ಗುಂಡಿಯನ್ನು ಒತ್ತಿ ದೀಪ ಹಾಕಿದೆ.

ಹಾಗಾಗಿ ಆ ಮೂವರಿಗೂ ನಾನು ಮೊದಲು ತಿರುಗಿ ಕೇಳಿದ್ದು ಒಂದೇ ಮಾತು: ನಿಮ್ಮ ಮನೆಯಲ್ಲಿ ದೀಪ ಹೊತ್ತಬೇಕೋ ಬೇಡವೋ ಎಂಬ ತೀರ್ಮಾನ ಎಲ್ಲಿ ಆಗಬೇಕು? ಕಂಪನಿಯ ಸರ್ವರಿನಲ್ಲೋ, ನಿಮ್ಮ ಕಪಾಟಿನಲ್ಲಿರುವ ಪೆಟ್ಟಿಗೆಯಲ್ಲೋ, ಗೋಡೆಯ ಸ್ವಿಚ್ಚಿನಲ್ಲೋ? ಇದಕ್ಕೆ ಉತ್ತರ ಸಿಕ್ಕರೆ ಬ್ರ್ಯಾಂಡಿನ ಆಯ್ಕೆ ಅರ್ಧ ಮುಗಿದಂತೆ.

ಯಾವ ಅಳತೆಗೋಲು?

ಪ್ರತಿ ಆಯ್ಕೆಯನ್ನೂ ನಾನು ಐದು ಪ್ರಶ್ನೆಗಳಿಂದ ಅಳೆಯುತ್ತೇನೆ. ಇಂಟರ್‌ನೆಟ್ ಹೋದಾಗ ಏನು ಉಳಿಯುತ್ತದೆ? ಕಂಪನಿ ಬಾಗಿಲು ಹಾಕಿದರೆ, ಅಥವಾ ಆ ಮಾದರಿಗೆ ಬೆಂಬಲ ನಿಲ್ಲಿಸಿದರೆ ಏನು ಉಳಿಯುತ್ತದೆ? ಮನೆಯಲ್ಲಿ ಈ ಹುಚ್ಚು ಹತ್ತದವರೂ ಬಂದ ನೆಂಟರೂ ಯಾರನ್ನೂ ಕೇಳದೆ ದೀಪ ಹಾಕಬಲ್ಲರೇ? ಕೆಟ್ಟಾಗ ಸರಿಮಾಡುವವರು ಯಾರು? ಮನೆ ಬದಲಿಸಿದರೆ ಕಿತ್ತುಕೊಂಡು ಹೋಗಬಹುದೇ?

ಹಣದ ಪ್ರಶ್ನೆ ಇದರಲ್ಲಿ ಇಲ್ಲವೇ ಎಂದರೆ, ಐದರಲ್ಲೂ ಇದೆ. ಅಗ್ಗದ ಪ್ಲಗ್ ಎರಡು ವರ್ಷದಲ್ಲಿ ಕಸವಾದರೆ ಅದು ಅಗ್ಗವಲ್ಲ. ಪೆಟ್ಟಿಗೆಯ ಮೇಲಿನ ಬೆಲೆಯ ಜೊತೆಗೆ ತಿಂಗಳ ಚಂದಾ, ಬದಲಿಸಬೇಕಾದ ಬ್ಯಾಟರಿ, ನಿಮ್ಮ ಭಾನುವಾರಗಳು ಎಲ್ಲವನ್ನೂ ಲೆಕ್ಕ ಹಾಕಬೇಕು. ಉರಿಯದೆ ಕಾದು ಕುಳಿತ ಸಾಧನವೂ ವಿದ್ಯುತ್ ಕುಡಿಯುತ್ತದೆ. ಒಂದೊಂದಕ್ಕೆ ಅರ್ಧ ವ್ಯಾಟ್ ಎಂದು ಹಿಡಿದರೂ ಮೂವತ್ತು ಸಾಧನಗಳಿಗೆ 15 ವ್ಯಾಟ್, ವರ್ಷಕ್ಕೆ ಸುಮಾರು 131 ಯೂನಿಟ್. ವಿದ್ಯುತ್ ಉಳಿಸಲೆಂದೇ ಈ ದಾರಿ ಹಿಡಿಯುವವರು ಈ ಲೆಕ್ಕವನ್ನು ಮೊದಲು ಮಾಡಬೇಕು. ಎಲ್‌ಇಡಿ ದೀಪಗಳನ್ನು ಸ್ಮಾರ್ಟ್ ಮಾಡಿ ಉಳಿಸುವುದು ಅಷ್ಟರಲ್ಲೇ ಇದೆ. ಉಳಿತಾಯ ಸಿಗುವುದು ನೀರು ಕಾಯಿಸುವ ಹೀಟರ್, ಎಸಿ, ಕೊಠಡಿ ಬಿಸಿ ಮಾಡುವ ಯಂತ್ರದಂಥ ದೊಡ್ಡ ಹೊರೆಗಳಲ್ಲಿ.

ಎರಡನೆಯ ಪ್ರಶ್ನೆಯನ್ನು ಅತಿ ಎಚ್ಚರಿಕೆ ಎನ್ನುವವರಿಗೆ ಕೆಲವು ಉದಾಹರಣೆಗಳಿವೆ. ರಿವಾಲ್ವ್ ಎಂಬ ಹಬ್ ಅನ್ನು (ಹಬ್ ಎಂದರೆ ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಜೋಡಿಸಿ ನಡೆಸುವ ಪೆಟ್ಟಿಗೆ) ಗೂಗಲ್ ಒಡೆತನದ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆ ನಿಂತಾಗ ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ. ವಿಂಕ್ ತನ್ನ ಹಬ್‌ಗೆ ತಿಂಗಳ ಶುಲ್ಕವಿಲ್ಲ ಎಂದು ಮಾರಿ, 2020ರಲ್ಲಿ ಚಂದಾ ಕೇಳಿತು. ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಯಾವ ಸೂಚನೆಯೂ ಇಲ್ಲದೆ ನಿಂತುಹೋದವು. ಕೊನೆಗೆ ಬಳಕೆದಾರರ ಒಂದು ಗುಂಪೇ ಕಂಪನಿಯನ್ನು ಕೊಂಡು ಅದಕ್ಕೆ ಜೀವ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ಕೋಣೆಯ ಬಿಸಿ ತಂಪನ್ನು ಹತೋಟಿಯಲ್ಲಿಡುವ ನೆಸ್ಟ್‌ನ ಮೊದಲ ಎರಡು ತಲೆಮಾರಿನ ಥರ್ಮೋಸ್ಟಾಟ್‌ಗಳಿಗೆ ಆ್ಯಪ್‌ನ ಸಂಪರ್ಕ ತಪ್ಪಿತು. ಆದರೆ ಅವು ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತವೆ. ನನಗೆ ಬೇಕಾದ ಗುಣ ಇದು: ಸಂಪರ್ಕ ತಪ್ಪಿದ ಮೇಲೂ ಸಾಧನ ಸಾಧಾರಣ ಸಾಧನವಾಗಿಯಾದರೂ ಉಳಿಯಬೇಕು.

ಮೊದಲು ಗೋಡೆ: ಬಲ್ಬೋ, ಸ್ವಿಚ್ಚೋ, ಹಿಂದೆ ಕೂರುವ ಮಾಡ್ಯೂಲೋ?

ಯಾವ ಆ್ಯಪ್ ಎಂದು ಯೋಚಿಸುವ ಮೊದಲು ಇದನ್ನು ನಿರ್ಧರಿಸಿ. ಹೆಚ್ಚಿನವರು ಎಡವುವುದು ಇಲ್ಲೇ.

ಸ್ಮಾರ್ಟ್ ಬಲ್ಬ್ ಹಾಕುವುದು ಅತಿ ಸುಲಭ. ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ಬಣ್ಣ ಬದಲಿಸಬಹುದು, ಬೆಳಕು ತಗ್ಗಿಸಬಹುದು, ಮನೆ ಬಿಡುವಾಗ ಜೇಬಿಗೆ ಹಾಕಿಕೊಂಡು ಹೋಗಬಹುದು. ಆದರೆ ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿದರೆ ಅದರ ಬುದ್ಧಿಯೆಲ್ಲ ಅಲ್ಲಿಗೆ ಮುಗಿಯಿತು. ಕರೆಂಟೇ ಇಲ್ಲದ ಬಲ್ಬ್ ಯಾರ ಮಾತನ್ನೂ ಕೇಳದು. ನನ್ನ ಮನೆಯಲ್ಲಿ ಮೊದಲ ತಿಂಗಳು ಸ್ವಿಚ್ಚಿನ ಮೇಲೆ "ಆರಿಸಬೇಡಿ" ಎಂಬ ಚೀಟಿ ಅಂಟಿತ್ತು. ಅದನ್ನು ನೋಡಿ ಅಮ್ಮ, "ಆರಿಸುವುದಕ್ಕೆ ತಾನೇ ಸ್ವಿಚ್ ಇರುವುದು?" ಎಂದರು. ಎರಡನೆಯ ತಿಂಗಳು ಚೀಟಿಯನ್ನು ನಾನೇ ಕಿತ್ತೆ.

ಸ್ಮಾರ್ಟ್ ಸ್ವಿಚ್ ಈ ತೊಂದರೆಯನ್ನು ಕಳೆಯುತ್ತದೆ. ಗೋಡೆಯಲ್ಲಿ ಒತ್ತಿದರೂ ಆ್ಯಪ್‌ನಲ್ಲಿ ಒತ್ತಿದರೂ ಒಂದೇ. ಒಂದು ಸ್ವಿಚ್ಚಿನಡಿ ನಾಲ್ಕು ಬಲ್ಬ್‌ಗಳಿದ್ದರೆ ನಾಲ್ಕು ಸ್ಮಾರ್ಟ್ ಬಲ್ಬ್ ಕೊಳ್ಳುವುದಕ್ಕಿಂತ ಒಂದು ಸ್ವಿಚ್ ಅಗ್ಗವೂ ಹೌದು. ತೊಡಕಿರುವುದು ನ್ಯೂಟ್ರಲ್ ತಂತಿಯಲ್ಲಿ, ಅಂದರೆ ಫೇಸ್‌ನಲ್ಲಿ ಬಂದ ವಿದ್ಯುತ್ ಮರಳಿ ಹೋಗುವ ತಂತಿಯಲ್ಲಿ. ಸಾಧಾರಣ ಸ್ವಿಚ್ಚಿಗೆ ಫೇಸ್ ಬಂದು ದೀಪಕ್ಕೆ ಹೋದರೆ ಸಾಕು, ಆದ್ದರಿಂದ ಎಷ್ಟೋ ಮನೆಗಳ ಸ್ವಿಚ್ ಡಬ್ಬಿಯೊಳಗೆ ನ್ಯೂಟ್ರಲ್ ಎಳೆದಿರುವುದೇ ಇಲ್ಲ. ಸ್ಮಾರ್ಟ್ ಸ್ವಿಚ್ಚಿನೊಳಗಿನ ರೇಡಿಯೊ ದೀಪ ಆರಿದಾಗಲೂ ಎಚ್ಚರವಾಗಿರಬೇಕು, ಅದಕ್ಕೆ ಸದಾ ಸ್ವಲ್ಪ ವಿದ್ಯುತ್ ಬೇಕು. ನ್ಯೂಟ್ರಲ್ ಬೇಡದ ಮಾದರಿಗಳು ಆ ಅಲ್ಪ ವಿದ್ಯುತ್ತನ್ನು ಬಲ್ಬಿನ ಮೂಲಕವೇ ಹರಿಸಿಕೊಳ್ಳುತ್ತವೆ. ಕಡಿಮೆ ವ್ಯಾಟಿನ ಎಲ್‌ಇಡಿ ಇದ್ದರೆ ಅದು ಆರಿದ ಮೇಲೂ ಮಂಕಾಗಿ ಉರಿಯುವುದು, ಮಿಣಮಿಣ ಎನ್ನುವುದು ಇದರಿಂದಲೇ. ದೀಪದ ಬಳಿ ಬೈಪಾಸ್ ಎಂಬ ಸಣ್ಣ ಬಿಡಿಭಾಗ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಒಂದು ಡಬ್ಬಿಯನ್ನು ಬಿಚ್ಚಿಸಿ ನೋಡಿ. ಮೇನ್ ಸ್ವಿಚ್ ಆರಿಸದೆ ನೀವೇ ಕೈಹಾಕುವ ಸಾಹಸ ಬೇಡ.

ಮೂರನೆಯದು ನನ್ನ ಮೆಚ್ಚಿನದು: ಹಳೆಯ ಸ್ವಿಚ್ಚನ್ನೇ ಉಳಿಸಿಕೊಂಡು ಅದರ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಮಾಡ್ಯೂಲ್, ಅಂದರೆ ದೂರದ ಆಜ್ಞೆಗೂ ದೀಪ ಹಾಕಿ ಆರಿಸುವ ಬಿಡಿಭಾಗ, ಕೂರಿಸುವುದು. ನೋಡುವವರಿಗೆ ಏನೂ ಬದಲಾಗಿಲ್ಲ, ಬೆರಳಿಗೆ ಅದೇ ಹಳೆಯ ಟಿಕ್ ಸದ್ದು. ಬಾಡಿಗೆ ಮನೆ ಬಿಡುವಾಗ ಮಾಡ್ಯೂಲ್ ತೆಗೆದು ತಂತಿಗಳನ್ನು ಮೊದಲಿನಂತೆ ಜೋಡಿಸಿಬಿಡಬಹುದು. ಇದಕ್ಕೂ ಬಹುತೇಕ ನ್ಯೂಟ್ರಲ್ ಬೇಕು, ಡಬ್ಬಿ ಸಾಕಷ್ಟು ಆಳವಿರಬೇಕು. ಲೋಹದ ಡಬ್ಬಿಯಾದರೆ ಅದು ರೇಡಿಯೊ ಅಲೆಗಳಿಗೆ ಅಡ್ಡಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸ್ವಿಚ್, ಪ್ಲಗ್, ಮಾಡ್ಯೂಲ್ ಯಾವುದೇ ಆಗಲಿ, ಅದರ ಮೇಲೆ ಬರೆದ ಆಂಪಿಯರ್ ಸಂಖ್ಯೆಯನ್ನು ನೋಡಿ. 230 ವೋಲ್ಟ್ ಇರುವಲ್ಲಿ 3000 ವ್ಯಾಟ್ ಹೀಟರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಪಂಪಿನಂಥ ಮೋಟಾರುಗಳು ಶುರುವಾಗುವ ಕ್ಷಣದಲ್ಲಿ ಇನ್ನೂ ಹಲವು ಪಟ್ಟು ಎಳೆಯುತ್ತವೆ. ಅವಕ್ಕೆ ನಡುವೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಹೊರೆ ತಾಳುವ ಸ್ವಿಚ್, ಇರಲಿ. ದೀಪದ ಡಿಮ್ಮರ್‌ಗೆ ಫ್ಯಾನ್ ಜೋಡಿಸಬೇಡಿ. ಅದು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ಐದು ದಾರಿಗಳು

ಮೊದಲ ದಾರಿ ವೈ-ಫೈ ಸಾಧನ ಮತ್ತು ಅದರ ಕಂಪನಿಯ ಆ್ಯಪ್. ಹಬ್ ಬೇಡ, ಕಡಿಮೆ ಖರ್ಚು, ಹತ್ತು ನಿಮಿಷದಲ್ಲಿ ಕೆಲಸ ಶುರು. ಎರಡು ಪ್ಲಗ್, ಒಂದು ಬಲ್ಬ್ ಸಾಕೆನ್ನುವವರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಇಂಥ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. ಫೋನು 5 ಗಿಗಾಹರ್ಟ್ಸ್‌ನಲ್ಲಿ ಕುಳಿತಿರುವಾಗ ಜೋಡಣೆಯೇ ಆಗದೆ ಜನ ಅರ್ಧ ದಿನ ಒದ್ದಾಡುವುದುಂಟು. ಸಾಧನ ಮೂವತ್ತು ದಾಟಿದರೆ ಸಾಧಾರಣ ರೂಟರ್ ಏದುಸಿರು ಬಿಡುತ್ತದೆ. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ಖಾತೆ, ಖಾತೆಗೊಂದು ಪಾಸ್‌ವರ್ಡ್ ಎಂದಾದಾಗ ಸ್ವಿಚ್ ಒತ್ತುವುದೇ ಸುಲಭ ಎನಿಸುತ್ತದೆ. ನನ್ನ ಮೊದಲೆರಡು ಪ್ರಶ್ನೆಗಳಲ್ಲಿ ಈ ದಾರಿ ಸಾಮಾನ್ಯವಾಗಿ ಸೋಲುತ್ತದೆ. ಆದರೆ ವೈ-ಫೈ ಎಂದ ಮಾತ್ರಕ್ಕೆ ಕ್ಲೌಡ್, ಅಂದರೆ ಕಂಪನಿಯ ಸರ್ವರ್, ಬೇಕೇ ಬೇಕು ಎಂದು ತಿಳಿಯಬೇಡಿ. ಶೆಲ್ಲಿಯಂಥ ಕೆಲವು ತಯಾರಕರ ಮಾಡ್ಯೂಲ್‌ಗಳು ಮನೆಯ ಜಾಲದೊಳಗೇ ಆಜ್ಞೆ ಸ್ವೀಕರಿಸುತ್ತವೆ. ವಿವರಣೆಯಲ್ಲಿ "ಲೋಕಲ್ ಕಂಟ್ರೋಲ್" ಎಂಬ ಎರಡು ಪದ ಇವೆಯೇ ಎಂದು ಹುಡುಕಿ.

ಎರಡನೆಯದು ಮಾತು ಕೇಳುವ ಸ್ಪೀಕರನ್ನು ನಡುವೆ ಇಡುವುದು: ಅಮೆಜಾನ್‌ನ ಅಲೆಕ್ಸಾ, ಗೂಗಲ್ ಹೋಮ್ ಅಥವಾ ಆಪಲ್ ಹೋಮ್. ಬೇರೆಬೇರೆ ಕಂಪನಿಗಳ ಸಾಧನಗಳು ಒಂದೇ ಪರದೆಗೆ ಬರುತ್ತವೆ, ಕೈ ಖಾಲಿಯಿಲ್ಲದಾಗ ಬಾಯಲ್ಲಿ ಹೇಳಿದರೆ ಸಾಕು. ಮಂಡಿನೋವಿನವರಿಗೆ, ಹಾಸಿಗೆ ಹಿಡಿದವರಿಗೆ ಇದು ಮೋಜಿನ ವಸ್ತುವಲ್ಲ, ನಿಜವಾದ ಸ್ವಾತಂತ್ರ್ಯ. ಈ ಒಂದು ಕಾರಣಕ್ಕೆ ಧ್ವನಿಯನ್ನು ಹಗುರವಾಗಿ ಕಾಣುವವರನ್ನು ನಾನು ಒಪ್ಪುವುದಿಲ್ಲ.

ಮೂರರ ನಡುವೆ ವ್ಯತ್ಯಾಸವಿದೆ. ಅಲೆಕ್ಸಾ ಅತಿ ಹೆಚ್ಚು ಬಗೆಯ ಸಾಧನಗಳೊಡನೆ ಹೊಂದುತ್ತದೆ, ಅದರ ನಾಲ್ಕನೆಯ ತಲೆಮಾರಿನ ಎಕೋ ಸ್ಪೀಕರಿನೊಳಗೆ ಜಿಗ್‌ಬೀ ಎಂಬ ಕಡಿಮೆ ಶಕ್ತಿಯ ರೇಡಿಯೊದ ಹಬ್ ಸಹ ಇದೆ. ಆದರೆ ನಿಮ್ಮ ಮಾತು ಅಮೆಜಾನ್‌ನ ಸರ್ವರಿಗೆ ಹೋಗಿಯೇ ತೀರಬೇಕು. ಕೆಲವು ಮಾದರಿಗಳಲ್ಲಿ ಧ್ವನಿಯನ್ನು ಸಾಧನದಲ್ಲೇ ಸಂಸ್ಕರಿಸುವ ಆಯ್ಕೆಯೊಂದಿತ್ತು, 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಗೂಗಲ್ ಮಾತಿನ ಅರ್ಥ ಹಿಡಿಯುವುದರಲ್ಲಿ ಚುರುಕು. ಆದರೆ ತನ್ನದೇ ಉತ್ಪನ್ನಗಳನ್ನು ನಡುದಾರಿಯಲ್ಲಿ ಕೈಬಿಡುವ ಅದರ ಚಾಳಿ ಮೇಲಿನ ಉದಾಹರಣೆಗಳಲ್ಲೇ ಕಾಣುತ್ತದೆ. ಆಪಲ್ ಹೋಮ್‌ನಲ್ಲಿ "ಕತ್ತಲಾದರೆ ದೀಪ ಹಾಕು" ಎಂಬಂಥ ನಿಯಮಗಳು ಮನೆಯಲ್ಲಿರುವ ಹೋಮ್‌ಪಾಡ್ ಸ್ಪೀಕರ್ ಅಥವಾ ಆಪಲ್ ಟಿವಿಯಲ್ಲೇ ಓಡುತ್ತವೆ, ಆದ್ದರಿಂದ ಮೊದಲ ಪ್ರಶ್ನೆಗೆ ಮೂರರಲ್ಲಿ ಉತ್ತಮ ಉತ್ತರ ಅದರದ್ದು. ಆದರೆ ಮನೆಯಲ್ಲಿ ಒಬ್ಬರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೂ ಅವರು ಹೊರಗಿನವರಾಗುತ್ತಾರೆ.

ಮೂರನೆಯ ದಾರಿ ಪ್ರತ್ಯೇಕ ಹಬ್: ಫಿಲಿಪ್ಸ್ ಹ್ಯೂ ಬ್ರಿಡ್ಜ್, ಐಕಿಯಾ, ಸ್ಮಾರ್ಟ್‌ಥಿಂಗ್ಸ್, ಹುಬಿಟಾಟ್ ಮುಂತಾದವು. ಸಾಧನಗಳು ವೈ-ಫೈ ಬಿಟ್ಟು ಜಿಗ್‌ಬೀ, ಝಡ್-ವೇವ್, ಥ್ರೆಡ್‌ನಂಥ ಕಡಿಮೆ ಶಕ್ತಿಯ ರೇಡಿಯೊದಲ್ಲಿ ಹಬ್‌ನೊಂದಿಗೆ ಮಾತಾಡುತ್ತವೆ. ನಾಣ್ಯದಂಥ ಒಂದು ಬ್ಯಾಟರಿಯಲ್ಲಿ ಬಾಗಿಲ ಸೆನ್ಸರ್ ವರ್ಷಗಟ್ಟಲೆ ನಡೆಯುವುದು ಈ ರೇಡಿಯೊದಿಂದ. ಹ್ಯೂ, ಹುಬಿಟಾಟ್ ಇಂಟರ್‌ನೆಟ್ ಇಲ್ಲದೆಯೂ ಮನೆಯೊಳಗೆ ಕೆಲಸ ಮಾಡುತ್ತವೆ. ಸ್ಮಾರ್ಟ್‌ಥಿಂಗ್ಸ್‌ನಲ್ಲಿ ಕೆಲವು ನಿಯಮಗಳು ಹಬ್‌ನಲ್ಲಿ, ಉಳಿದವು ಕ್ಲೌಡ್‌ನಲ್ಲಿ. ಮೊದಲ ಖರ್ಚು ಹೆಚ್ಚು. ಆದರೆ ಹತ್ತನೆಯ ಸಾಧನ ಸೇರಿಸುವ ಹೊತ್ತಿಗೆ ವೈ-ಫೈ ದಾರಿಯ ಸ್ನೇಹಿತರಿಗಿಂತ ನೀವು ನೆಮ್ಮದಿಯಾಗಿರುತ್ತೀರಿ. ತಾಂತ್ರಿಕ ಆಸಕ್ತಿ ಇಲ್ಲದ, ಆದರೆ ಗಟ್ಟಿ ವ್ಯವಸ್ಥೆ ಬೇಕೆನ್ನುವ ಕುಟುಂಬಕ್ಕೆ ನನ್ನ ಮೊದಲ ಸಲಹೆ ಇದೇ.

ನಾಲ್ಕನೆಯದು ಹೋಮ್ ಅಸಿಸ್ಟೆಂಟ್. ಪೌಲುಸ್ ಸ್ಕೌಟ್ಸನ್ 2013ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ, 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಹಳೆಯ ಚಿಕ್ಕ ಕಂಪ್ಯೂಟರ್, ಅಥವಾ ಇದಕ್ಕೆಂದೇ ಮಾರುವ ಹೋಮ್ ಅಸಿಸ್ಟೆಂಟ್ ಗ್ರೀನ್ ಪೆಟ್ಟಿಗೆ, ಯಾವುದರಲ್ಲಾದರೂ ಓಡುತ್ತದೆ. ಸಾವಿರಕ್ಕೂ ಹೆಚ್ಚು ಬಗೆಯ ಸಾಧನ ಮತ್ತು ಸೇವೆಗಳೊಡನೆ ಹೊಂದುತ್ತದೆ. ತೀರ್ಮಾನವೆಲ್ಲ ನಿಮ್ಮ ಕಪಾಟಿನಲ್ಲೇ. "ಸೂರ್ಯ ಮುಳುಗಿದ್ದರೆ, ಮನೆಯಲ್ಲಿ ಯಾರಾದರೂ ಇದ್ದರೆ, ಟಿವಿ ಆರಿದ್ದರೆ ಮಾತ್ರ" ಎಂಬಂಥ ಷರತ್ತುಗಳನ್ನು ಇಷ್ಟು ಸಲೀಸಾಗಿ ಬರೆಯಲು ಬೇರೆಡೆ ಆಗದು.

ನಾನು ಬಳಸುವುದು ಇದನ್ನೇ, ಆದ್ದರಿಂದ ಇದರ ದೋಷವನ್ನೂ ನಾನೇ ಹೇಳಬೇಕು. ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಕೆಲವೊಮ್ಮೆ ನವೀಕರಿಸಿದ ಮೇಲೆ ನೆಟ್ಟಗಿದ್ದದ್ದು ಸೊಟ್ಟಗಾಗುತ್ತದೆ. ಪೈನೊಳಗಿನ ಮೆಮೊರಿ ಕಾರ್ಡ್ ಒಂದು ದಿನ ಕೈಕೊಡುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಎಲ್ಲವನ್ನೂ ಮೊದಲಿಂದ ಬರೆಯಬೇಕು. ನಾಲ್ಕನೆಯ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ: ಸರಿಮಾಡುವವರು ನೀವೇ. ನೀವು ಊರಲ್ಲಿಲ್ಲದ ವಾರ ಮನೆಯವರ ಗತಿ ಏನು ಎಂದು ಮೊದಲೇ ಯೋಚಿಸಿ. ಇನ್ನೊಂದು ಅಪಾಯ ಒಳಗಿನದು. ಮಾಡಬಹುದು ಎಂಬ ಕಾರಣಕ್ಕೇ ಮಾಡುತ್ತಾ ಹೋದರೆ ಮಂತ್ರಕ್ಕಿಂತ ಉಗುಳೇ ಹೆಚ್ಚಾಗುತ್ತದೆ. ಕಿಟಕಿಯ ಪರದೆ ಏರಿಸಲು ಹನ್ನೊಂದು ಷರತ್ತು ಬರೆದಿದ್ದೆ. ಅದು ಯಾಕೆ ಏರಲಿಲ್ಲ ಎಂದು ಪತ್ತೆಮಾಡುವಷ್ಟರಲ್ಲಿ ಬಿಸಿಲೇ ಇಳಿದಿತ್ತು.

ಐದನೆಯದು ತಂತಿಯ ದಾರಿ, ಕೆಎನ್‌ಎಕ್ಸ್. ದೀಪಕ್ಕೆ ವಿದ್ಯುತ್ ಒಯ್ಯುವ ತಂತಿಯ ಜೊತೆಗೆ ಸಂದೇಶ ಒಯ್ಯಲು ಬೇರೊಂದು ಜೋಡಿ ತಂತಿಯನ್ನು ಇಡೀ ಮನೆಗೆ ಎಳೆಯುತ್ತಾರೆ. ವೇಗ ಸೆಕೆಂಡಿಗೆ 9600 ಬಿಟ್ ಅಷ್ಟೇ, ಆದರೆ ದೀಪ ಹೊತ್ತಿಸಲು ಅದು ಧಾರಾಳ. ಪ್ರತಿ ಸಾಧನಕ್ಕೂ ಅದರದೇ ಪುಟ್ಟ ಮೆದುಳು, ನಡುವೆ ಕೂತು ಆಳುವ ಯಂತ್ರವಿಲ್ಲ. ಒಂದು ಕೆಟ್ಟರೆ ಅದೊಂದೇ ಕೆಡುತ್ತದೆ. ಇದು ಅಂತರರಾಷ್ಟ್ರೀಯ ಮಾನಕ, ನೂರಾರು ತಯಾರಕರು ಇದ್ದಾರೆ, ಒಬ್ಬರು ಮುಚ್ಚಿದರೆ ಇನ್ನೊಬ್ಬರ ಸಾಧನ ಹಾಕಬಹುದು. ಖರ್ಚು ಮಾತ್ರ ಐದರಲ್ಲೇ ಅತಿ ಹೆಚ್ಚು, ಪ್ರೋಗ್ರಾಂ ಬರೆಯಲು ತರಬೇತಿ ಪಡೆದವರೇ ಬೇಕು, ಗಾರೆ ಬಿದ್ದ ಮೇಲೆ ಯೋಚಿಸುವ ವಿಷಯವಲ್ಲ.

ಈ ರೇಡಿಯೊಗಳ ಜಗಳ

ಮೂರನೆಯ ನಾಲ್ಕನೆಯ ದಾರಿ ಹಿಡಿದವರಿಗೆ ಮುಂದಿನ ಗೊಂದಲ ಜಿಗ್‌ಬೀಯೋ, ಝಡ್-ವೇವೋ, ಥ್ರೆಡ್ಡೋ ಎಂಬುದು. ಮೂರೂ ಮೆಶ್ ಜಾಲಗಳು. ವಿದ್ಯುತ್ತಿಗೆ ನೇರ ಜೋಡಿಸಿದ ಪ್ಲಗ್, ಬಲ್ಬ್‌ಗಳು ಸಾಮಾನ್ಯವಾಗಿ ಪಕ್ಕದವರ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ಹಬ್ ಒಂದು ಮೂಲೆಯಲ್ಲಿ, ಸೆನ್ಸರ್ ಇನ್ನೊಂದು ಮೂಲೆಯಲ್ಲಿ ಇದ್ದು ಸಂಪರ್ಕ ತಪ್ಪುತ್ತಿದ್ದರೆ ನಡುವೆ ಒಂದು ಪ್ಲಗ್ ಹಾಕಿ ನೋಡಿ.

ಜಿಗ್‌ಬೀಯಲ್ಲಿ ಅಗ್ಗದ ಸಾಧನಗಳ ರಾಶಿಯೇ ಇದೆ. ಅದು ವೈ-ಫೈ ಇರುವ 2.4 ಗಿಗಾಹರ್ಟ್ಸ್‌ನಲ್ಲೇ ಓಡುವುದರಿಂದ ಒಂದರ ಮಾತು ಇನ್ನೊಂದಕ್ಕೆ ಅಡ್ಡಬರಬಹುದು. ಜಿಗ್‌ಬೀಯ 25ನೆಯ ಚಾನೆಲ್ ವೈ-ಫೈನ 1, 6, 11ರಿಂದ ಬಹುಮಟ್ಟಿಗೆ ಹೊರಗಿರುತ್ತದೆ, ಸಾಧನಗಳು ಒಪ್ಪಿದರೆ ಅದನ್ನು ಆರಿಸಿ. ಹೋಮ್ ಅಸಿಸ್ಟೆಂಟ್‌ನವರಿಗೆ ಇನ್ನೊಂದು ಕಿವಿಮಾತು: ಜಿಗ್‌ಬೀ ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ, ಅದನ್ನು ಕಂಪ್ಯೂಟರಿಗೆ ನೇರ ಚುಚ್ಚದೆ ಒಂದು ಮೀಟರ್ ಯುಎಸ್‌ಬಿ ಕೇಬಲ್ ಕಟ್ಟಿ ದೂರ ಇಡಿ. ಯುಎಸ್‌ಬಿ 3 ಪೋರ್ಟ್‌ನಿಂದ ಹೊಮ್ಮುವ ರೇಡಿಯೊ ಗದ್ದಲ ಅದೇ ಆವರ್ತನದಲ್ಲಿ ರೇಡಿಯೊದ ಕಿವಿಯನ್ನು ಮುಚ್ಚುತ್ತದೆ. ಎರಡು ವಾರ ಕಾಡಿದ ತೊಂದರೆ ಆ ಒಂದು ಕೇಬಲ್‌ನಿಂದ ನನಗೆ ಬಿಟ್ಟುಹೋಯಿತು.

ಝಡ್-ವೇವ್ ಇನ್ನೂ ಕೆಳಗಿನ ಆವರ್ತನದಲ್ಲಿ ಓಡುವುದರಿಂದ ವೈ-ಫೈ ಜೊತೆ ಜಗಳವಿಲ್ಲ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಆದರೆ ಆ ಆವರ್ತನ ದೇಶದಿಂದ ದೇಶಕ್ಕೆ ಬೇರೆ: ಯುರೋಪಿನಲ್ಲಿ 868, ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಆಸುಪಾಸು. ಪ್ರವಾಸ ಹೋದವರ ಕೈಯಲ್ಲಿ ತರಿಸಿದ ಸಾಧನ ನಿಮ್ಮ ಹಬ್‌ಗೆ ಕೇಳಿಸದೆ ಹೋಗಬಹುದು. ಸಾಧನಗಳ ಬೆಲೆಯೂ ಜಿಗ್‌ಬೀಗಿಂತ ಮೇಲೆ.

ಥ್ರೆಡ್ ಹೊಸಬ. ಅದರ ಜೊತೆ ಸದಾ ಕೇಳಿಬರುವ ಹೆಸರು ಮ್ಯಾಟರ್. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಥ್ರೆಡ್ ರಸ್ತೆ, ಮ್ಯಾಟರ್ ಭಾಷೆ. ಆ ಭಾಷೆಯನ್ನು ವೈ-ಫೈ, ಈಥರ್ನೆಟ್, ಥ್ರೆಡ್ ಮೂರರ ಮೇಲೂ ಆಡಬಹುದು. ಅಮೆಜಾನ್, ಆಪಲ್, ಗೂಗಲ್ ಮತ್ತು ಆಗಿನ ಜಿಗ್‌ಬೀ ಅಲೈಯನ್ಸ್ 2019ರಲ್ಲಿ ಕೈಜೋಡಿಸಿದವು, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಹೊರಬಂತು. ಮ್ಯಾಟರ್ ಸಾಧನ ಮನೆಯ ಜಾಲದೊಳಗೇ ಮಾತಾಡುತ್ತದೆ, ಒಂದೇ ಬಲ್ಬನ್ನು ಆಪಲ್ ಹೋಮ್‌ಗೂ ಅಲೆಕ್ಸಾಗೂ ಹೋಮ್ ಅಸಿಸ್ಟೆಂಟ್‌ಗೂ ಏಕಕಾಲದಲ್ಲಿ ಸೇರಿಸಬಹುದು. ಮೊದಲೆರಡು ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಭರವಸೆ ಮಾರುಕಟ್ಟೆಯಲ್ಲಿ ಬೇರೆ ಇಲ್ಲ. ಭರವಸೆ ಎಂದೆ, ಗಮನಿಸಿ. ಬಲ್ಬ್, ಪ್ಲಗ್‌ಗಳಲ್ಲಿ ಅದು ಈಡೇರಿದೆ. ಆದರೆ ತಯಾರಕರು ತಮ್ಮ ವಿಶೇಷ ಗುಣಗಳನ್ನು ಈಗಲೂ ತಮ್ಮ ಆ್ಯಪ್‌ನಲ್ಲೇ ಬಚ್ಚಿಟ್ಟುಕೊಳ್ಳುತ್ತಾರೆ. ಥ್ರೆಡ್ ಮೇಲಿನ ಸಾಧನಕ್ಕೆ ಬಾರ್ಡರ್ ರೂಟರ್ ಎಂಬ ಕೊಂಡಿ ಬೇಕು. ಹೋಮ್‌ಪಾಡ್ ಮಿನಿ, ಎರಡನೆಯ ತಲೆಮಾರಿನ ನೆಸ್ಟ್ ಹಬ್, ನಾಲ್ಕನೆಯ ತಲೆಮಾರಿನ ಎಕೋದಲ್ಲಿ ಅದು ಒಳಗೇ ಇದೆ. ಬೇರೆಬೇರೆ ಕಂಪನಿಯ ಕೊಂಡಿಗಳು ಒಂದೇ ಮನೆಯಲ್ಲಿ ಪ್ರತ್ಯೇಕ ಜಾಲ ಕಟ್ಟಿಕೊಂಡು ಮುನಿಸಿಕೊಂಡು ಕೂರುವುದುಂಟು. 2024ರಲ್ಲಿ ಬಂದ ಥ್ರೆಡ್ 1.4 ಇದನ್ನು ಸರಿಪಡಿಸಲೆಂದೇ ಹುಟ್ಟಿದ್ದು. ಹೊಸದಾಗಿ ಕೊಳ್ಳುವವರು ಬೆಲೆ ಹತ್ತಿರವಿದ್ದರೆ ಮ್ಯಾಟರ್ ಗುರುತು ಇರುವುದನ್ನೇ ಆರಿಸಿ. ಮನೆಯಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಜಿಗ್‌ಬೀಯನ್ನು ಅದಕ್ಕಾಗಿ ಕಿತ್ತೆಸೆಯಬೇಡಿ.

ಸೆನ್ಸರ್, ಕ್ಯಾಮೆರಾ, ಬೀಗ

ಚಲನೆಯ ಸೆನ್ಸರ್‌ಗಳಲ್ಲಿ ಸಾಮಾನ್ಯವಾದುದು ಪಿಐಆರ್. ಅದು ದೇಹದ ಶಾಖ ಜಾಗ ಬದಲಿಸುವುದನ್ನು ಮಾತ್ರ ಹಿಡಿಯುತ್ತದೆ. ಅಲ್ಲಾಡದೆ ಕೂತರೆ ಅದರ ಲೆಕ್ಕಕ್ಕೆ ನೀವು ಇಲ್ಲ. ಶೌಚಾಲಯದಲ್ಲಿ ದೀಪ ಆರಿ, ಕತ್ತಲಲ್ಲಿ ಕೂತು ಕೈ ಬೀಸಿದ ಅನುಭವ ಇದನ್ನು ಹಾಕಿಸಿದ ಎಲ್ಲರಿಗೂ ಇರುತ್ತದೆ. ಎಂಎಂವೇವ್ ರಾಡಾರ್ ಸೆನ್ಸರ್ ಉಸಿರಾಟದ ಏರಿಳಿತವನ್ನೂ ಗುರುತಿಸಬಲ್ಲದು, ಆದರೆ ಬೆಲೆ ಹೆಚ್ಚು, ಸಾಮಾನ್ಯವಾಗಿ ಸದಾ ವಿದ್ಯುತ್ ಬೇಕು, ತಿರುಗುವ ಫ್ಯಾನನ್ನೂ ಮನುಷ್ಯನೆಂದು ತಿಳಿಯಬಹುದು. ನಡುಮನೆಯ ಓಡಾಟದ ದಾರಿಗೆ ಪಿಐಆರ್, ಓದುವ ಕೋಣೆಗೆ ರಾಡಾರ್ ಎಂದು ಹಂಚಿಕೊಳ್ಳಿ.

ಕ್ಯಾಮೆರಾ ಕೊಳ್ಳುವಾಗ ದೃಶ್ಯ ಎಲ್ಲಿ ಉಳಿಯುತ್ತದೆ ಎಂಬುದೊಂದನ್ನು ಕೇಳಿ. ಮೆಮೊರಿ ಕಾರ್ಡ್‌ನಲ್ಲೋ ಮನೆಯ ರೆಕಾರ್ಡರ್‌ನಲ್ಲೋ ಉಳಿದರೆ ಚಂದಾ ಇಲ್ಲ. ಎಲ್ಲ ಕಂಪನಿಗಳಿಗೂ ತೆರೆದ ಆನ್‌ವಿಫ್ ಅಥವಾ ಆರ್‌ಟಿಎಸ್‌ಪಿ ಎಂಬ ಮಾನಕಗಳ ಬೆಂಬಲ ಇದ್ದರೆ, ಅವನ್ನು ಬಲ್ಲ ಯಾವ ರೆಕಾರ್ಡರ್‌ಗೂ ಜೋಡಿಸಬಹುದು. ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಸೈನ್ಯ ಮಾಡಿಕೊಂಡು ಅಕ್ಟೋಬರಿನಲ್ಲಿ ದೊಡ್ಡದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಉರುಳಿಸಿತು. ರೂಟರ್‌ನಲ್ಲಿ ಅತಿಥಿ ಜಾಲ ಇದ್ದರೆ ಕ್ಯಾಮೆರಾವನ್ನು ಅಲ್ಲಿಗೆ ಸೇರಿಸಿ. ಮುಂಬಾಗಿಲ ಬೀಗ ಯಾವುದೇ ಇರಲಿ, ಹೊರಗಿನಿಂದ ಕೀಲಿ, ಒಳಗಿನಿಂದ ಬರಿಗೈ, ಇವೆರಡರಿಂದಲೂ ತೆರೆಯುವಂತಿರಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಆ ಮೂವರಿಗೆ ಹೇಳಿದ್ದು

ಬಾಡಿಗೆ ಮನೆಯವರಿಗೆ: ಗೋಡೆ ಮುಟ್ಟಬೇಡಿ. ಒಂದು ಸಣ್ಣ ಹಬ್, ಎರಡು ಪ್ಲಗ್, ಓದುವ ಜಾಗಕ್ಕೆ ಒಂದು ಬಲ್ಬ್, ಅಂಟಿಸುವ ಬ್ಯಾಟರಿ ಗುಂಡಿಯೊಂದು ಸಾಕು. ಆ ಗುಂಡಿಯನ್ನು ಹಳೆಯ ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹಣ ಇನ್ನೂ ಬಿಗಿಯಾಗಿದ್ದರೆ ಹಬ್ ಬಿಟ್ಟು ಮ್ಯಾಟರ್ ಗುರುತಿನ ವೈ-ಫೈ ಪ್ಲಗ್ ಎರಡು ಕೊಳ್ಳಿ, ಮುಂದೆ ಯಾವ ದಾರಿ ಹಿಡಿದರೂ ಅವು ಜೊತೆಗೆ ಬರುತ್ತವೆ.

ಮನೆ ಕಟ್ಟಿಸುವವರಿಗೆ: ಈಗ ಸಾಧನವನ್ನೇ ಕೊಳ್ಳಬೇಡಿ. ಎಲ್ಲ ಸ್ವಿಚ್ ಡಬ್ಬಿಗೂ ನ್ಯೂಟ್ರಲ್ ಎಳೆಸಿ, ಡಬ್ಬಿಗಳು ಆಳವಾಗಿರಲಿ, ಕಿಟಕಿಯ ಪರದೆಯ ಮೇಲ್ತುದಿಗೊಂದು ವಿದ್ಯುತ್ ಬಿಂದು, ಕ್ಯಾಮೆರಾ ಬರಬಹುದಾದ ಜಾಗಕ್ಕೂ ಪ್ರತಿ ಕೋಣೆಗೂ ಈಥರ್ನೆಟ್ ಕೇಬಲ್ ಎಳೆಸಿ, ಹತ್ತು ವರ್ಷದ ನಂತರ ಏನು ಎಳೆಯಬೇಕಾದೀತೋ ಎಂದು ಕೆಲವು ಖಾಲಿ ಕೊಳವೆಗಳನ್ನೂ ಬಿಡಿಸಿ. ಗೋಡೆ ತೆರೆದಿರುವಾಗ ಇದಕ್ಕೆ ತಗಲುವುದು ಅಲ್ಪ, ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ಗೋಡೆ ಅಗೆಯಬೇಕು. ಹಣಕ್ಕೆ ತೊಂದರೆಯಿಲ್ಲ, ಇಪ್ಪತ್ತು ವರ್ಷ ಮುಟ್ಟುವ ಗೋಜು ಬೇಡ ಎಂದರೆ ಕೆಎನ್‌ಎಕ್ಸ್. ಇಲ್ಲವಾದರೆ ರಿಲೇ ಮಾಡ್ಯೂಲ್ ಮತ್ತು ಹಬ್, ಅದೂ ಮನೆಯಲ್ಲಿ ಆರು ತಿಂಗಳು ಬದುಕಿ, ಯಾವ ಸ್ವಿಚ್ಚಿಗೆ ದಿನಕ್ಕೆ ಹತ್ತು ಸಲ ನಡೆಯುತ್ತೀರಿ ಎಂದು ನೋಡಿದ ಮೇಲೆ.

ಅಪ್ಪ ಅಮ್ಮನ ಚಿಂತೆಯವರಿಗೆ: ಅವರ ಕೈಗೆ ಹೊಸ ಆ್ಯಪ್ ಕೊಡಬೇಡಿ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಪಾದದ ಎತ್ತರಕ್ಕೆ ಎರಡು ಚಲನೆಯ ಸೆನ್ಸರ್, ಮಂದ ಬೆಳಕಿನ ಎರಡು ದೀಪ, ನೀರಿನ ತೊಟ್ಟಿಯ ಬಳಿ ಸೋರಿಕೆಯ ಸೆನ್ಸರ್, ಮುಂಬಾಗಿಲಿಗೆ ಒಂದು ಬಾಗಿಲ ಸೆನ್ಸರ್. ಎಲ್ಲವೂ ಇಂಟರ್‌ನೆಟ್ ಇಲ್ಲದೆ ನಡೆಯುವ ಹಬ್‌ಗೆ ಸೇರಿರಲಿ, ಯಾಕೆಂದರೆ ನೀವು ದೂರ ಇದ್ದೀರಿ, ರೂಟರ್ ಆರಿಸಿ ಹಾಕಿ ಎಂದು ರಾತ್ರಿ ಎರಡು ಗಂಟೆಗೆ ಅವರಿಗೆ ಹೇಳಲಾಗದು. ಹೋಮ್ ಅಸಿಸ್ಟೆಂಟ್ ಬೇಡ ಎಂದೆ, ನನಗೇ ಅದು ಪ್ರಿಯವಾಗಿದ್ದರೂ. ಕೋಣೆಯೊಳಗೆ ಕ್ಯಾಮೆರಾ ಇಡುವ ಮಾತು ಅವರೇ ಎತ್ತಿದರು. ಬೆಳಗ್ಗೆ ಬಾಗಿಲು ತೆರೆಯಿತು ಎಂಬ ಸುದ್ದಿ ಫೋನಿಗೆ ಬಂದರೆ ಸಾಲದೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಕು ಎಂದರು.

ಯಾವ ದಾರಿಯಾದರೂ ಸರಿ, ಮೊದಲಿಗೆ ಒಂದೇ ಕೋಣೆಗೆ ಕೊಳ್ಳಿ. ಅಂಗಡಿಗೆ ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ, ಒಂದು ಸಂಜೆ ರೂಟರನ್ನು ಆರಿಸದೆ ಅದಕ್ಕೆ ಹೊರಗಿನಿಂದ ಬರುವ ಇಂಟರ್‌ನೆಟ್ ಕೇಬಲನ್ನು ಮಾತ್ರ ಕಿತ್ತಿಡಿ. ಮನೆಯವರಿಗೆ ಹೇಳಬೇಡಿ. ಒಂದು ಗಂಟೆಯಲ್ಲಿ ಯಾರಾದರೂ ನಿಮ್ಮನ್ನು ಕೂಗಿದರೆ, ಪೆಟ್ಟಿಗೆಯನ್ನೂ ರಸೀದಿಯನ್ನೂ ಹುಡುಕಿ ಇಟ್ಟುಕೊಳ್ಳಿ.